ಹೊಳೆ ದಂಡೆಯ ಒಕ್ಕಲುತನ: ಬರಕ್ಕೂ ಮಹಾಪೂರಕ್ಕೂ ಊರೊಟ್ಟಿನ ಸಿದ್ಧತೆ



2019ನೆಯ ಇಸವಿಯನ್ನು ಕೃಷ್ಣಾ ದಂಡೆಯ ಒಕ್ಕಲಿಗರು ಮರೆಯಲಾರರು. ಆ ವರ್ಷದ ಮೇ ತಿಂಗಳಲ್ಲಿ ಹೊಳೆ ಬತ್ತಿತ್ತು. ಕೊಯ್ನಾ ಜಲಾಶಯದಿಂದ ನೀರು ಬಿಡಿಸಿರೆಂದು ಜನ ಒತ್ತಾಯಿಸುತ್ತಿದ್ದರು. ಮೂರು ತಿಂಗಳು ಕಳೆಯುವುದರೊಳಗೆ, ಆಗಸ್ಟ್ ಮೊದಲ ವಾರದಲ್ಲಿ, ಅದೇ ಹೊಳೆ ದಂಡೆ ಮೀರಿ ಬಂದಿತು. ಜಮಖಂಡಿ ತಾಲ್ಲೂಕಿನ ಮುತ್ತೂರು, ತುಬಚಿ, ಶೂರ್ಪಾಲಿ ಕಡೆಯ ಹೊಲಗಳು ನೀರಿನಡಿ ಸೇರಿದವು. ಘಟಪ್ರಭೆಯ ನೀರು ಮುಧೋಳದ ಯಾದವಾಡ ಸೇತುವೆಯ ಮೇಲೆ ಹರಿಯಿತು. ರಬಕವಿ-ಬನಹಟ್ಟಿ ಭಾಗದಲ್ಲಿ ಬೆಳೆಯ ಜೊತೆಗೆ ನೇಕಾರರ ಮಗ್ಗಗಳೂ ಕೆಟ್ಟವು. ಬೇಸಿಗೆಯಲ್ಲಿ ನೀರಿಲ್ಲದೆ ಬಾಡಿದ್ದ ಕಬ್ಬು ಮಳೆಗಾಲದಲ್ಲಿ ನೀರು ಹೆಚ್ಚಾಗಿ ಕೊಳೆಯಿತು.

ಇದು ಒಂದೇ ವರ್ಷದ ಮಾತಲ್ಲ. 2005ರಲ್ಲಿ ಹೊಳೆ ಬಂದಿತ್ತು, 2021ರಲ್ಲಿ ಮತ್ತೆ ಬಂತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಬರ ಮತ್ತು ಮಹಾಪೂರ ಎರಡಕ್ಕೂ ಒಟ್ಟಿಗೇ ಸಿದ್ಧರಾಗದೆ ಇನ್ನು ಹೊಳೆ ದಂಡೆಯಲ್ಲಿ ಒಕ್ಕಲುತನ ನಡೆಯದು.

ಮಳೆ ಅಲ್ಲಿ, ನೀರು ಇಲ್ಲಿ

"ಸಾಹೇಬ್ರ, ನಮ್ಮಲ್ಲಿ ಹನಿ ಮಳಿ ಇಲ್ಲ, ಹೊಳಿ ಹ್ಯಾಂಗ ಬಂತ್ರಿ?" ಎಂದು ಊರೂರಲ್ಲಿ ಕೇಳುತ್ತಾರೆ. ನಮ್ಮ ಭಾಗದ ವಾರ್ಷಿಕ ಮಳೆ ಸುಮಾರು 550ರಿಂದ 600 ಮಿ.ಮೀ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ 5,000 ಮಿ.ಮೀ.ಗೂ ಹೆಚ್ಚು. ಕೊಯ್ನಾ, ಪಂಚಗಂಗಾ, ದೂಧಗಂಗಾ ನದಿಗಳ ನೀರೂ ಕೃಷ್ಣೆಯನ್ನು ಸೇರಿ ನಮ್ಮತ್ತ ಬರುತ್ತದೆ. ಘಟಪ್ರಭೆಗೆ ಹಿಡಕಲ್ ಜಲಾಶಯವೇನೋ ಇದೆ. ಆದರೆ ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ಅದರ ಕೆಳಗೆ ಬಂದು ಕೂಡುತ್ತವೆ. ಆದ್ದರಿಂದ ಹಿಡಕಲ್‌ನಿಂದ ಎಷ್ಟು ಬಿಟ್ಟರು ಎಂಬುದೊಂದನ್ನೇ ಕೇಳಿ ಮುಧೋಳದವರು ನಿಶ್ಚಿಂತರಾಗಿರಲಾಗದು. ಎರಡೂ ಹೊಳೆಗಳು ಕೂಡುವುದು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ, ಆಲಮಟ್ಟಿಯ ಹಿನ್ನೀರಿನಲ್ಲಿ.

ಹವಾಮಾನ ಬದಲಾವಣೆ ಇದನ್ನು ಬಿಗಡಾಯಿಸುತ್ತಿದೆ. ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹೀಗೆ ಹಿಡಿದ ತೇವ ಇಳಿಯುವಾಗ ಒಮ್ಮೆಗೇ ಸುರಿಯುತ್ತದೆ. ಮಳೆಯ ದಿನಗಳು ಕಡಿಮೆಯಾದರೂ ಬಿರುಸು ಹೆಚ್ಚು.

1989ರ ಪಾಠ

ಊರವರು ಕೂಡಿದರೆ ಏನಾದೀತು ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ವಂತಿಗೆ ಹಾಕಿ, ಮೈಬಗ್ಗಿಸಿ ದುಡಿದು, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಮುಂದಾಳಾಗಿದ್ದವರು ದಿವಂಗತ ಸಿದ್ದು ನ್ಯಾಮಗೌಡರು. ಬೆವರ ಹನಿಯಿಂದಾದ ಸಾಗರವೆಂದು ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರಿಟ್ಟರು. ಮುಂದೆ ಕೃಷ್ಣಾ ತೀರ ರೈತ ಸಂಘವು ಆಲಮಟ್ಟಿಯ ಹಿನ್ನೀರನ್ನು ಪಂಪಿನಿಂದ ಎತ್ತಿ ಬ್ಯಾರೇಜು ತುಂಬಿಸುವ ಕೆಲಸವನ್ನೂ ಮಾಡಿತು.

ನೀರು ನಿಂತಿತು, ಕಬ್ಬು ಬೆಳೆಯಿತು, ಮನೆಗಳು ಎದ್ದವು. ಆದರೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನೀರು ತರುವುದಕ್ಕೆ ಕೂಡಿದಷ್ಟು ಆಸ್ಥೆಯಿಂದ ನಾವು ನೀರು ಬಸಿಯುವುದಕ್ಕೆ ಕೂಡಲಿಲ್ಲ. ಕಬ್ಬಿಗೆ ವರ್ಷಕ್ಕೆ 1,500ರಿಂದ 2,500 ಮಿ.ಮೀ. ನೀರು ಬೇಕು. ಮಳೆ ಕೊಡುವುದು ಅದರ ಒಂದು ಪಾಲು ಮಾತ್ರ. ಉಳಿದುದನ್ನು ಹೊಳೆಯಿಂದ ಎತ್ತಿ ಯರಿ ಭೂಮಿಗೆ ಹಾಯಿಸಿದೆವು. ಪರಿಣಾಮವಾಗಿ ತಗ್ಗಿನ ಹೊಲಗಳು ಸವಳು-ಜವಳಾದವು. "ಇನ್ನಷ್ಟು ಕಬ್ಬು ಹಚ್ಚಿರಿ" ಎಂದು ಹುರುಪು ತುಂಬಿದವರಲ್ಲಿ ನಾವು ಬೇಸಾಯ ವಿಜ್ಞಾನಿಗಳೂ ಇದ್ದೆವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಊರು ಕೂಡಿ ಮಾಡಬೇಕಾದ ಕೆಲಸಗಳು

1. ಹೊಳೆಯ ಲೆಕ್ಕ ಬರೆದಿಡಿ. 2005, 2019 ಮತ್ತು 2021ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಹಿರಿಯರಿಂದ ಕೇಳಿ, ಶಾಲೆ, ಗುಡಿ, ವಿದ್ಯುತ್ ಕಂಬಗಳ ಮೇಲೆ ಬಣ್ಣದ ಗುರುತು ಹಾಕಿರಿ. ಒಂದು ವಹಿ ಇಟ್ಟು ನಾಲ್ಕು ಕಲಂ ಮಾಡಿರಿ: ದಿನಾಂಕ, ಹಿಪ್ಪರಗಿ ಬ್ಯಾರೇಜಿನ ಹೊರಹರಿವು ಎಷ್ಟು ಕ್ಯೂಸೆಕ್, ನಮ್ಮೂರಲ್ಲಿ ನೀರು ಯಾವ ಗುರುತಿಗೆ ಬಂತು, ಎಷ್ಟು ತಾಸಿನ ನಂತರ ಬಂತು. ಎರಡು ಮೂರು ಮಳೆಗಾಲ ಬರೆದರೆ, ಇಷ್ಟು ಕ್ಯೂಸೆಕ್ ಬಿಟ್ಟರೆ ನಮ್ಮ ಯಾವ ಓಣಿಗೆ ನೀರು ಬಂದೀತೆಂದು ನೀವೇ ಹೇಳಬಲ್ಲಿರಿ. ಎಚ್ಚರಿಕೆಯ ಸುದ್ದಿ ಮೊಬೈಲಿಗೆ ಬರುತ್ತದೆ ನಿಜ. ಅದು ನಿಮ್ಮ ಓಣಿಯ ಭಾಷೆಯಲ್ಲಿ ಅರ್ಥವಾಗಬೇಕಾದರೆ ಈ ವಹಿ ಬೇಕು.

2. ಹೊಲವನ್ನು ಮೂರು ಪಟ್ಟಿ ಮಾಡಿರಿ. ಪ್ರತಿ ಸಲವೂ ಮುಳುಗುವ ಕೆಳಪಟ್ಟಿಯಲ್ಲಿ ಮಹಾಪೂರ ಇಳಿದ ಮೇಲೆ ಹಸಿಯ ಮೇಲೆಯೇ ಹಿಂಗಾರಿ ಜೋಳ (ಎಂ 35-1) ಅಥವಾ ಕಡಲೆ (ಜೆಜಿ-11, ಅಣ್ಣಿಗೇರಿ-1) ಬಿತ್ತುವುದು ಲೇಸು. ಅಲ್ಲಿ ಮನೆ, ಶೆಡ್ಡು ಕಟ್ಟಬಾರದು. ಆಗೊಮ್ಮೆ ಈಗೊಮ್ಮೆ ಮುಳುಗುವ ನಡುಪಟ್ಟಿಯಲ್ಲಿ ಜೂನ್-ಜುಲೈ ನಾಟಿಯ ಕಬ್ಬು ಬೇಡ, ಏಕೆಂದರೆ ಆಗಸ್ಟಿನಲ್ಲಿ ಅದು ಇನ್ನೂ ಸಸಿ. ಅಕ್ಟೋಬರ್-ನವೆಂಬರಿನಲ್ಲಿ ನೆಟ್ಟರೆ ಹೊಳೆ ಬರುವ ಹೊತ್ತಿಗೆ ಆಳೆತ್ತರ ಮೀರಿರುತ್ತದೆ. ಮಣ್ಣು ಏರಿಸಿ, ಬೀಳದಂತೆ ಕಟ್ಟಿರಿ. ಮೇಲಿನ ಪಟ್ಟಿಯಲ್ಲಿ ಅರಿಷಿಣ, ದಾಳಿಂಬೆ, ಕಬ್ಬು ಯಾವುದೇ ಇರಲಿ, ಹನಿ ನೀರಾವರಿ ಅಳವಡಿಸಿರಿ. ಕುಳೆ ಕಬ್ಬಿನ ರವದಿಯನ್ನು ಸುಡದೆ ಸಾಲಿನ ನಡುವೆ ಹರಡಿದರೆ ಬರದಲ್ಲಿ ಹಸಿ ಉಳಿಯುತ್ತದೆ.

3. ಬಸಿಗಾಲುವೆಗೆ ಕೂಡಿರಿ. ಸವಳು-ಜವಳು ಒಬ್ಬರ ಹೊಲದ ರೋಗವಲ್ಲ. ಮೇಲಿನ ಹೊಲದ ನೀರು ಕೆಳಗಿನ ಹೊಲದಲ್ಲಿ ಏಳುತ್ತದೆ. ಸುಮಾರು 1 ಮೀಟರ್ ಆಳದಲ್ಲಿ ರಂಧ್ರದ ಕೊಳವೆ ಹಾಕಿ ನೀರು ಬಸಿಯಬಹುದು. ಆದರೆ ಬಸಿದ ನೀರು ಹಳ್ಳ ಸೇರಲು ನೆರೆಯವರ ಹೊಲದಲ್ಲಿ ದಾರಿ ಬೇಕು. ಅಣ್ಣ ತಮ್ಮಂದಿರ ಬದುವಿನ ಜಗಳ ಇರುವಲ್ಲಿ ಯಾವ ಕೊಳವೆಯೂ ಕೆಲಸ ಮಾಡದು. ಮೊದಲು ಹಳ್ಳ ಒತ್ತುವರಿ ಬಿಡಿಸಿ ಹೂಳು ತೆಗೆಯಿರಿ. ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕಬೇಡಿರಿ. ಅದು ಬೇಕಾಗುವುದು ಕ್ಷಾರ ಭೂಮಿಗೆ. ಎಕರೆಗೆ 20 ಕಿ.ಗ್ರಾಂ. ಡಯಂಚ ಬೀಜ ಬಿತ್ತಿ ಹೂ ಬಿಡುವ ಮೊದಲು ಮುಗ್ಗು ಹೊಡೆದರೆ ಮಣ್ಣು ಹಗುರಾಗುತ್ತದೆ.

4. ದನ, ಕಣಿಕೆ, ಮೋಟಾರು. ಎತ್ತರದ ಜಾಗದಲ್ಲಿ ಊರಿಗೊಂದು ಸಾಮೂಹಿಕ ಬಣವಿ ಇರಲಿ. ದನ ಸಾಗಿಸುವ ಟ್ರ್ಯಾಕ್ಟರ್ ಯಾರದು, ಯಾವ ದಾರಿ ಎಂಬುದು ಜೂನ್ ತಿಂಗಳಲ್ಲೇ ಗೊತ್ತಾಗಿರಲಿ. ಮೋಟಾರು ಎತ್ತಲು ಕತ್ತಲಲ್ಲಿ ಒಬ್ಬೊಬ್ಬರೇ ಹೊಳೆಗಿಳಿಯುವುದು ಜೀವಕ್ಕೆ ಅಪಾಯ. ಲೈನ್‌ಮನ್‌ಗೆ ಹೇಳಿ ವಿದ್ಯುತ್ ತೆಗೆಸಿ, ಐದಾರು ಜನ ಕೂಡಿ, ಹಗಲಿನಲ್ಲಿ ಎತ್ತಿರಿ.

5. ಹೊಳೆ ಇಳಿದ ಮೇಲೆ. ಮೊದಲು ನಿಂತ ನೀರನ್ನು ಹೊರಹಾಕಿರಿ. ಹತ್ತಾರು ಕಡೆ ಕಬ್ಬಿನ ತುದಿ ಸೀಳಿ ನೋಡಿರಿ. ಸುಳಿ ಬೆಳ್ಳಗೆ ಗಟ್ಟಿಯಾಗಿದ್ದರೆ ಬೆಳೆ ಚೇತರಿಸೀತು. ಲೀಟರಿಗೆ 20 ಗ್ರಾಂ ಯೂರಿಯಾ ಕಲಸಿ ಸಿಂಪಡಿಸಿರಿ. ಸುಳಿ ಕೊಳೆತಿದ್ದರೆ ಗಣಿಕೆಯ ಕಣ್ಣು ಒಡೆದು ಸಕ್ಕರೆ ಇಳಿಯುತ್ತದೆ. ಆ ಕಬ್ಬನ್ನು ಕಾರ್ಖಾನೆ ಮೊದಲು ಕಡಿಯಬೇಕೆಂದು ಊರೊಟ್ಟಾಗಿ ಕೇಳಿರಿ. ಮುಳುಗಿದ ಹೊಲದಿಂದ ಬೀಜದ ಕಬ್ಬು ತೆಗೆಯಬಾರದು. ಕೆಂಪು ಕೊಳೆ ರೋಗ ನೀರಿನೊಡನೆ ಹರಡುತ್ತದೆ, ಅದರಲ್ಲೂ ಕೋಸಿ 671 ತಳಿಗೆ ಬೇಗ ತಗಲುತ್ತದೆ.

ಯೋಜನೆಯಲ್ಲಿ ರೈತನ ಮಾತು

ಕರಾವಳಿಯ ದಂಡೆಗೆ 1991ರಿಂದ ನಿಯಂತ್ರಣ ವಲಯದ ನಿಯಮವಿದೆ. ನಮ್ಮ ಹೊಳೆ ದಂಡೆಯ ಯೋಜನೆಯಲ್ಲಿ ನಮ್ಮ ಮಾತು ಎಲ್ಲಿ? ನೆದರ್‌ಲೆಂಡ್ಸ್ ದೇಶದ ಓವರ್‌ಡೀಪ್ಸೆ ಎಂಬಲ್ಲಿ, ಮಹಾಪೂರದ ನೀರಿಗೆ ಜಾಗ ಬಿಡಬೇಕೆಂದು ಸರಕಾರ ಹೇಳಿದಾಗ, ರೈತರು ತಾವೇ ಯೋಜನೆ ಬರೆದು ಕೊಟ್ಟರು. ಎತ್ತರದ ದಿಬ್ಬಗಳ ಮೇಲೆ ಮನೆ ಮತ್ತು ಕೊಟ್ಟಿಗೆ, ತಗ್ಗಿನಲ್ಲಿ ಮೇವು. ಕೆಲವು ಕುಟುಂಬಗಳು ಜಾಗ ಬಿಟ್ಟು ಹೋದವು, ಉಳಿದವರು ನಿಂತರು. ಅಲ್ಲಿಯೂ ಬಿಟ್ಟುಕೊಟ್ಟವರ ನೋವು ಇತ್ತು. ಆದರೆ ನಕ್ಷೆ ರೈತರದಾಗಿತ್ತು.

ಬೀಳಗಿಯವರಿಗೆ ಬಿಟ್ಟುಕೊಡುವುದೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಊರುಗಳೇ ಎದ್ದು ಪುನರ್ವಸತಿ ಕೇಂದ್ರ ಸೇರಿದವು. 524.256 ಮೀಟರ್‌ಗೆ ಏರಿಸುವ ಯೋಜನೆ ಮುಂದಿದೆ. ಪರಿಹಾರದ ಜೊತೆಗೆ ಹೊಸ ಊರಿನ ಬಸಿಗಾಲುವೆ, ಗೋಮಾಳ, ಕುಡಿಯುವ ನೀರು ಎಲ್ಲಿ ಎಂಬ ನಕ್ಷೆಯನ್ನೂ ಗ್ರಾಮಸಭೆಯಲ್ಲಿ ಕೇಳಿರಿ. ನಿಮ್ಮ ವಹಿ, ನಿಮ್ಮ ಗುರುತುಗಳು ಅಲ್ಲಿ ಸಾಕ್ಷಿಯಾಗುತ್ತವೆ. ಗ್ರಾಮ ಪಂಚಾಯತಿಯ ಅಭಿವೃದ್ಧಿ ಯೋಜನೆಯಲ್ಲಿ ಇವನ್ನು ಬರೆಯಿಸಿರಿ.

ಅಣೆಕಟ್ಟಿನ ಎತ್ತರ, ಎರಡು ರಾಜ್ಯಗಳ ನಡುವಿನ ನೀರಿನ ಮಾತು ಸರಕಾರಗಳ ಹೊಣೆ. ಹಳ್ಳದ ಹೂಳು, ಗೋಡೆಯ ಮೇಲಿನ ಗುರುತು, ನೆರೆಯವನಿಗೆ ಬಿಡುವ ಬಸಿ ದಾರಿ ನಮ್ಮ ಹೊಣೆ. ಬರಕ್ಕೆ ಅಂಜದೆ ಹೊಳೆಗೆ ಬ್ಯಾರೇಜು ಕಟ್ಟಿದ ಕೈಗಳು ಇವು. ಬರುವ ಮಳೆಗಾಲಕ್ಕೆ ಮುಂಚೆ, ಒಂದು ಅಮಾವಾಸ್ಯೆಯ ದಿನ ಎತ್ತಿನ ನೊಗ ಇಳಿಸಿದಾಗ, ಊರ ಚಾವಡಿಯಲ್ಲಿ ಕೂಡಿರಿ. ಮೊದಲ ಗುರುತನ್ನು ಅಂದೇ ಹಾಕಿರಿ.