ಆನೆಯ ಖರ್ಚು ಯಾರ ಲೆಕ್ಕಕ್ಕೆ?

ಒಕವಾಂಗೊ ಸಮುದ್ರ ಸೇರದ ನದಿ. ಅಂಗೋಲದ ಎತ್ತರದ ನೆಲದಲ್ಲಿ ಸುರಿದ ಮಳೆ ತಿಂಗಳುಗಟ್ಟಲೆ ಹರಿದು, ಬೋಟ್ಸ್ವಾನದ ಒಣ ಋತುವಿಗೆ ಸರಿಯಾಗಿ ಪ್ರವಾಹವಾಗಿ ಹರಡುತ್ತದೆ. ಕೊನೆಗೆ ಕಲಹರಿಯ ಮರಳಿನಲ್ಲಿ ಇಂಗುತ್ತದೆ. ಈ ಮುಖಜಭೂಮಿ 2014ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸಾವಿರನೆಯ ತಾಣವಾಗಿ ಸೇರಿತು.

ನಿವೃತ್ತಿಯ ನಂತರ ದುರ್ಬೀನು ಹಿಡಿದು ಅಲ್ಲಿ ಡೇರೆ ಹೂಡಿದಾಗ ನನ್ನನ್ನು ಸೆಳೆದದ್ದು ಮೀನುಹದ್ದಿನ ಕೂಗು ಮತ್ತು ದಂಡೆಯ ಮಣ್ಣಿನಲ್ಲಿ ಗೂಡು ಕೊರೆಯುವ ಕಡುಗೆಂಪು ಪತ್ರಂಗಗಳು. ಆದರೆ ಅರ್ಥಶಾಸ್ತ್ರ ಓದಿದ ಮನಸ್ಸು ಲೆಕ್ಕ ಕೇಳದೆ ಇರದು. ಬೋಟ್ಸ್ವಾನದಲ್ಲಿ ಸುಮಾರು 1.3 ಲಕ್ಷ ಆನೆಗಳಿವೆ. ಅವುಗಳನ್ನು ನೋಡುವ ಸಂತೋಷ ಪ್ರವಾಸಿಗೆ. ತುಳಿದ ಹೊಲದ ನಷ್ಟ ರೈತನಿಗೆ. 2014ರಲ್ಲಿ ಜಾರಿಯಾದ ಬೇಟೆ ನಿಷೇಧವನ್ನು ಸರ್ಕಾರ 2019ರಲ್ಲಿ ತೆರವುಗೊಳಿಸಿದ್ದರ ಹಿಂದೆ ಗ್ರಾಮೀಣರ ಈ ಅಸಮಾಧಾನವೂ ಇತ್ತು.

ನೆರೆಯ ನಮೀಬಿಯ 1996ರ ಕಾನೂನಿನ ಮೂಲಕ ಹಳ್ಳಿಗಳ ಸಮುದಾಯಗಳಿಗೇ ವನ್ಯಜೀವಿಗಳ ನಿರ್ವಹಣೆಯ ಮತ್ತು ಅವುಗಳಿಂದ ಬರುವ ಆದಾಯದ ಹಕ್ಕು ನೀಡಿತು. ಇದು ದೋಷರಹಿತ ವ್ಯವಸ್ಥೆಯಲ್ಲ. ಬೇಟೆಯ ಶುಲ್ಕವೂ ಆ ಆದಾಯದ ಭಾಗವೇ. ಪ್ರವಾಸೋದ್ಯಮದ ಗಳಿಕೆ ಎಷ್ಟು ಅಸ್ಥಿರವೆಂಬುದನ್ನು 2020ರ ಕೋವಿಡ್ ತೋರಿಸಿತು. ಆದರೂ ಅದರ ತಳಹದಿಯ ತರ್ಕ ಸರಿಯಾದದ್ದು: ಹಕ್ಕಿಲ್ಲದವನಿಗೆ ಆನೆ ಹೊರೆ, ಪಾಲುದಾರನಿಗೆ ಆಸ್ತಿ.

ಒಕವಾಂಗೊದ ಮೊರೆಮಿ ಅಭಯಾರಣ್ಯವನ್ನು 1963ರಲ್ಲಿ ತಮ್ಮದೇ ನೆಲದಲ್ಲಿ ಸ್ಥಾಪಿಸಿದವರು ಅಲ್ಲಿನ ಬಟವಾನ ಜನ. ಕಾಡನ್ನು ಉಳಿಸುವ ಇಚ್ಛೆ ಹಳ್ಳಿಗರಿಗೆ ಹೊರಗಿನವರು ಕಲಿಸಬೇಕಾದದ್ದಲ್ಲ. ಅದಕ್ಕೆ ತಗಲುವ ವೆಚ್ಚವನ್ನು ಅವರೊಬ್ಬರ ಮೇಲೆಯೇ ಹೊರಿಸದಿರುವುದನ್ನು ನಾವು ಕಲಿಯಬೇಕಾಗಿದೆ.