ಓಡಿದ ಕಾರಿನ ಮೇಲೊಂದು ನಂಬಿಕೆ

2018ರಲ್ಲಿ ನಾನು ಕೊಂಡ ಮೊದಲ ಕಾರು ಅದಾಗಲೇ 1,28,000 ಕಿಲೋಮೀಟರು ಓಡಿದ್ದ ಮಾರುತಿ 800. ಕಲಬುರಗಿಯ ರೋಜಾದ ನಮ್ಮ ಓಣಿಯಲ್ಲಿ ಅದನ್ನು ಕಂಡವರು ‘ಮಂದಿ ಮೆಟ್ಟಿದ ಚಪ್ಪಲಿ’ ಎಂದು ನಕ್ಕರು. ಮೆಕ್ಯಾನಿಕ್ ಮಾತ್ರ ಬಾನೆಟ್ ಎತ್ತಿ ನೋಡಿ, ‘ಓಡಿದ ಗಾಡಿ ಕೆಡಂಗಿಲ್ರಿ, ನಿಂತ ಗಾಡಿ ಕೆಡ್ತದ’ ಎಂದ.

ಮಾತು ಸುಳ್ಳಲ್ಲ. ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ರಬ್ಬರು ಬಿರಿಯುತ್ತದೆ. ಮೀಟರಿನ ಅಂಕಿಗಿಂತ, ಆಯಿಲ್ ಬದಲಿಸಿದ ಲೆಕ್ಕವಿರುವ ಸರ್ವೀಸ್ ಪುಸ್ತಕವೇ ಹೆಚ್ಚು ಸತ್ಯ ಹೇಳುತ್ತದೆ.

ಆದರೆ ನಾನು ಕಲಿತ ದೊಡ್ಡ ಪಾಠ ಎಂಜಿನ್ನಿನದಲ್ಲ. ಕಾರು ಮಾರಿದವರು ಕಮಲಾಪುರದ ನಿವೃತ್ತ ಮಾಸ್ತರರು. ‘ಮೊದಲ ಆರ್‌ಸಿ ನಿಮ್ಮ ಹೆಸರಿಗೆ ಆಗ್ಲಿ, ಆಮ್ಯಾಲ ಚಾವಿ ಒಯ್ರಿ’ ಎಂದು ಪಟ್ಟು ಹಿಡಿದರು. ನನ್ನ ಮೇಲೆ ನಂಬಿಕೆಯಿಲ್ಲವೇ ಎಂದು ಸಿಟ್ಟು ಬಂದಿತ್ತು. ವಾಹನ ಎಷ್ಟು ಕೈ ಬದಲಾದರೂ, ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಫೆಬ್ರುವರಿಯಲ್ಲಿ ತೀರ್ಪಿತ್ತಿದ್ದು ನನಗೆ ತಿಳಿದದ್ದು ಆಮೇಲೆ.

ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆನ್ನುತ್ತದೆ ಕಾಯ್ದೆ. ಖಾಲಿ ಫಾರಮ್ಮಿಗೆ ಸಹಿ ಹಾಕಿಸಿಕೊಂಡು ವರ್ಷಗಟ್ಟಲೆ ಗಾಡಿ ಓಡಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹಳೆಯ ಎಂಜಿನ್ನು ದಾರಿಯಲ್ಲಿ ಕೈಕೊಟ್ಟರೆ ತಳ್ಳಬಹುದು. ಕಾಗದ ಕೈಕೊಟ್ಟರೆ ಎರಡು ಮನೆಗಳು ನಿಲ್ಲುತ್ತವೆ.

ಇಂದಿಗೂ ಕಮಲಾಪುರದ ಕೆಂಪು ಬಾಳೆಹಣ್ಣು ತರಲು ಅದೇ ಕಾರಿನಲ್ಲಿ ಹೋಗುತ್ತೇನೆ. ಮಾಸ್ತರರು ಮೊದಲು ಕ್ಷೇಮ ವಿಚಾರಿಸುವುದು ನನ್ನದನ್ನಲ್ಲ, ಕಾರಿನದನ್ನು.