ದನಿಯ ದುಭಾಷಿ

ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಚಿಕ್ಕನರಗುಂದವು ಎರೆಮಣ್ಣಿನ ಸೀಮೆಯ ಊರು. ಈ ಸೀಮೆಯ ಕಣಗಳಲ್ಲಿ ಎತ್ತುಗಳು ತೆನೆ ತುಳಿಯುವಾಗ ರೈತರು ಹಂತಿಯ ಪದಗಳನ್ನು ಹಾಡುತ್ತಿದ್ದರು. ರಾಶಿಯಂತ್ರಗಳು ಬಂದ ಮೇಲೆ ಹಂತಿ ಅಪರೂಪವಾಯಿತು. ಪದಗಳನ್ನು ಬರೆದಿಟ್ಟರೆ ಮಾತು ಉಳಿಯುತ್ತದೆ, ಧಾಟಿ ಉಳಿಯದು. ಧಾಟಿಯನ್ನು ಉಳಿಸಲು ಹಿರಿಯರ ಕಂಠವನ್ನೇ ಮುದ್ರಿಸಿಕೊಳ್ಳಬೇಕು.

ಮೈಕು ದನಿಯನ್ನು ವಿದ್ಯುತ್ತಿನ ಅಲೆಯಾಗಿಸುತ್ತದೆ. ಆದರೆ ಕಂಪ್ಯೂಟರು ಬಲ್ಲುದು ಅಂಕಿಗಳನ್ನು ಮಾತ್ರ. ಇವೆರಡರ ನಡುವಣ ದುಭಾಷಿಯೇ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್. ಅದು ಅಲೆಯನ್ನು ಸೆಕೆಂಡಿಗೆ ಸಾಮಾನ್ಯವಾಗಿ 44,100 ಅಥವಾ 48,000 ಸಲ ಅಳೆದು ಅಂಕಿಗಳಾಗಿ ಒಪ್ಪಿಸುತ್ತದೆ.

ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. ಅದರಲ್ಲಿ ದನಿಯ ಹೊಣೆ ಹೊತ್ತ ಭಾಗಕ್ಕೆ ‘ಆಲ್ಸಾ’ ಎಂದು ಹೆಸರು. ಯುಎಸ್‌ಬಿಯ ಸಾಮಾನ್ಯ ನಿಯಮವನ್ನು ಪಾಲಿಸುವ ಉಪಕರಣವನ್ನು ಜೋಡಿಸಿದೊಡನೆ ಆಲ್ಸಾ ಅದನ್ನು ಗುರುತಿಸುತ್ತದೆ. ಬೇರೆ ಚಾಲಕ ತಂತ್ರಾಂಶ ಬೇಕಾಗುವುದಿಲ್ಲ. ತನ್ನದೇ ಗುಟ್ಟಿನ ನಿಯಮವುಳ್ಳ ಉಪಕರಣವಾದರೆ ತೊಡಕಾಗಬಹುದು. ಆದ್ದರಿಂದ ಕೊಳ್ಳುವ ಮೊದಲೇ ವಿಚಾರಿಸುವುದು ಜಾಣತನ.

ಗುರುತಿಸಿದ ಮೇಲೂ ದನಿ ಬಾರದಿದ್ದರೆ, ಒಳಬರುವ ದನಿಗೆ ಆ ಉಪಕರಣವನ್ನೇ ಆರಿಸಲಾಗಿದೆಯೇ, ದನಿಯ ಮಟ್ಟ ಸೊನ್ನೆಯಲ್ಲಿದೆಯೇ ಎಂದು ನೋಡಬೇಕು. ದನಿ ತುಂಡುತುಂಡಾದರೆ, ಅಂಕಿಗಳು ತಂಗುವ ‘ಬಫರ್’ ಎಂಬ ಎಡೆಯನ್ನು ಹಿಗ್ಗಿಸಬೇಕು.

ಕೆಟ್ಟ ಯಂತ್ರವನ್ನು ಬದಲಿಸಬಹುದು. ಮೌನವಾದ ಕಂಠ ಮರಳಿ ಹಾಡದು.